ಗ್ರಿಜೆಲ್ ಹೇಳದ ಹೆಸರು

"ಕಣ್ಣು ಮುಚ್ಚಬೇಡ," ಎಂದು ಕಾವಲುಗಾರ ಗ್ರಿಜೆಲ್‌ಳ ಪಕ್ಕೆಗೆ ಕೋಲಿನಿಂದ ತಿವಿದ. ಪಾದ್ರಿಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವಳು ನಿಂತಲ್ಲೇ ತೂಕಡಿಸಿದ್ದಳು. ಮಾಟಗಾತಿಯೆಂದು ಚರ್ಚಿನ ಗಂಟೆಗೋಪುರದಲ್ಲಿ ಕೂಡಿಹಾಕಿದಾಗಿನಿಂದ ಅವಳನ್ನು ಮಲಗಲು ಬಿಟ್ಟಿರಲಿಲ್ಲ. ಗೋಡೆಗಳು ತೇಲತೊಡಗಿ, ನೆಲ ದೋಣಿಯಂತೆ ಹೊಯ್ದಾಡಿದ ಮೇಲೆ, ಅವರು ಹೇಳಿಸಿದ್ದನ್ನೆಲ್ಲ ನಿನ್ನೆ ಹೇಳಿಬಿಟ್ಟಿದ್ದಳು. ಹೌದು, ಸೈತಾನನ ಜೊತೆ ಕುಣಿದೆ. ಹೌದು, ಎಫಿ ಲೋರಿಯ ಗಂಡನ ದೋಣಿ ಮುಳುಗಿಸಿದ್ದೂ ನಾನೇ.

ಇವತ್ತು ವಿಚಾರಣೆಗೆಂದು ಅವಳನ್ನು ಕೆಳಗೆ ತಂದಿದ್ದರು; ಊರಿಗೆ ಊರೇ ಚರ್ಚಿನಲ್ಲಿ ನೆರೆದಿತ್ತು. ಮುಂದಿನ ಬೆಂಚಿನಲ್ಲಿ ಎಫಿ, ಮಡಿಲಲ್ಲಿ ಮಗು. ಗ್ರಿಜೆಲ್, ಎಫಿ ಇಬ್ಬರೂ ವರ್ಷಗಟ್ಟಲೆ ಒಂದೇ ಪೀಪಾಯಿಯ ಎದುರುಬದುರು ನಿಂತು ಹೆರಿಂಗ್ ಮೀನು ಸೀಳಿ ಉಪ್ಪು ತುಂಬಿದವರು. ಬಲೆ ಒಣಗಿಸುವ ಜಾಗಕ್ಕಾಗಿ ಜಗಳವಾದಾಗ "ನಿನ್ನ ಗಂಡ ಸಮುದ್ರದ ಪಾಲಾಗ್ಲಿ" ಎಂದು ಗ್ರಿಜೆಲ್ ಬೈದದ್ದು ನಿಜ. ಆ ವಾರವೇ ಅವನು ಮುಳುಗಿದ. ಎಫಿ ಆ ಮಾತನ್ನು ಪಾದ್ರಿಗೆ ಮುಟ್ಟಿಸಿದಳು.

"ನಿನ್ನ ಜೊತೆ ಕುಣಿದವರು ಯಾರ್ಯಾರು? ಹೆಸರು ಹೇಳು, ಈಗ್ಲೇ ಮಲಗೋಕೆ ಬಿಡ್ತೀವಿ," ಎಂದರು ಪಾದ್ರಿ.

ಚರ್ಚಿನ ಹಿರಿಯ ಆರ್ಚಿ ಡಫ್ ಮುಂದಕ್ಕೆ ಬಾಗಿದ. "ಎಫಿ ಇದ್ದಳಾ? ಅವಳ ಅಜ್ಜಿ ಮೇಲೂ ಇದೇ ಮಾತಿತ್ತು."

ಎಫಿ ಮಗುವನ್ನು ಎದೆಗೆ ಅವುಚಿಕೊಂಡಳು. ಒಂದು 'ಹೂಂ' ಸಾಕಿತ್ತು. ಅದು ಗ್ರಿಜೆಲ್‌ಳ ನಾಲಗೆಯ ತುದಿಯವರೆಗೂ ಬಂದಿತ್ತು, ರುಚಿಯಾಗಿಯೂ ಇತ್ತು.

"ಎಫೀನಾ?" ಎಂದಳು. "ಕತ್ತಲಾದ್ಮೇಲೆ ಹಿತ್ತಿಲಿಗೆ ಹೋಗೋಕೂ ಅವಳಿಗೆ ಗಂಡ ಜೊತೇಲಿ ಬೇಕಿತ್ತು. ಅವಳೆಲ್ಲಿ ಸೈತಾನನ ಹತ್ರ ಹೋಗ್ತಾಳೆ ಸ್ವಾಮಿ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

"ಮತ್ಯಾರಿದ್ರು?" ಎಂದರು ಪಾದ್ರಿ.

"ಯಾರೂ ಇಲ್ಲ. ನಾನೂ ಇರ್ಲಿಲ್ಲ. ನಿನ್ನೆ ಹೇಳಿದ್ದೆಲ್ಲ ನಿದ್ದೆ ಆಸೆಗೆ ಹೇಳಿದ್ದು. ಇನ್ನೆರಡು ಸಲ ತಿವಿದಿದ್ರೆ, ಸೈತಾನ ನಿಮ್ಮ ಹಾಗೇ ಇದ್ದ ಅಂತ್ಲೂ ಹೇಳ್ತಿದ್ದೆ. ಬಾಯಿಗೆ ಬಂದಂಗೆ ಬೈದೆ, ಅದು ನನ್ನ ತಪ್ಪು. ದೋಣಿ ಮುಳುಗಿಸಿದ್ದು ಗಾಳಿ."

"ಮಾತು ಬದಲಿಸಿದ್ರೆ ಬೆಂಕಿ ತಪ್ಪೋದಿಲ್ಲ, ಗ್ರಿಜೆಲ್."

"ಬದಲಿಸದಿದ್ರೂ ತಪ್ತಿರ್ಲಿಲ್ಲ. ಹೋಗೋಳು ಒಬ್ಬಳೇ ಹೋಗ್ತೀನಿ."

ಪಾದ್ರಿ ಕೈಸನ್ನೆ ಮಾಡಿದರು. ಗ್ರಿಜೆಲ್ ಗೋಡೆ ಹಿಡಿದುಕೊಂಡು, ಕಾವಲುಗಾರನ ಮುಂದೆ ಮುಂದೆ ತಾನೇ ಗೋಪುರದ ಮೆಟ್ಟಿಲು ಹತ್ತಿದಳು. ಮೇಲೆ ಹೋದ ಮೇಲೆ ಅವನು ಕೋಲೆತ್ತಿದ; ಅವಳು ತಿರುಗಿ ನೋಡಿದಳು. ಅವನು ಕೋಲು ಇಳಿಸಿದ.

ಕಿಂಡಿಯಲ್ಲಿ ಜನ ಮನೆಗೆ ಚದುರುತ್ತಿರುವುದು ಕಾಣುತ್ತಿತ್ತು. ಗೋರಿಗಳ ನಡುವೆ ಎಫಿ ಒಬ್ಬಳೇ ನಿಂತಿದ್ದಳು. ಕಡಲಗಾಳಿಗೆ ತಲೆವಸ್ತ್ರ ಕಳಚಿ ಹೆಗಲಿಗೆ ಬಿದ್ದಿದ್ದರೂ ಎತ್ತಿಕೊಳ್ಳದೆ ಮೇಲೆ ನೋಡುತ್ತಿದ್ದಳು.

ಗ್ರಿಜೆಲ್ ಕೈ ಬೀಸಲಿಲ್ಲ. ಕಿಂಡಿಯಿಂದ ಸರಿಯಲೂ ಇಲ್ಲ.