ಬಂದವರೇ ಒರೆಸಬೇಕು

"ಇನ್ನೊಂದೀಟು ಮ್ಯಾಲೆ ಹೊಡಿಯಪ್ಪಾ. ಭುಜದ ಸಮಕ್ಕ ಬರ್ಬೇಕು," ಅಂದಳು ನಾಗಲಿಂಗಮ್ಮ.

ಗುರುಶಾಂತ ಮೊಳೆಯನ್ನು ಗೋಡೆಗೆ ಹಿಡಿದು ಸುತ್ತಿಗೆ ಎತ್ತಿದ. ಪಡಸಾಲೆಯ ಉದ್ದನೆಯ ಗೋಡೆ ಅದು. ಅದಕ್ಕೆ ಕರಿ ಬಣ್ಣ ಬಳಿದು, ಅಡ್ಡ ಎರಡು ಬಿಳಿ ಗೆರೆ ಎಳೆದು, ಮೂರು ಪಟ್ಟಿ ಮಾಡಲಾಗಿತ್ತು. ಮೊಳೆಯ ತುದಿ ಕೆಳಗಿನ ಪಟ್ಟಿಯಲ್ಲಿ ಸೀಮೆಸುಣ್ಣದ ಒಂದು ಅಕ್ಷರದ ಮೇಲೆ ಕೂತಿತ್ತು.

"ಅಪ್ಪಾ, ಅಲ್ಲಿ ಬ್ಯಾಡ. ಅದು ನಂದು," ಎಂದಳು ಆರು ವರ್ಷದ ಸುಕನ್ಯಾ.

"ಸುಮ್ನಿರವ್ವಾ," ಎಂದು ಅಜ್ಜಿ ನಾಗಲಿಂಗಮ್ಮ ಮೊಮ್ಮಗಳನ್ನು ಎಳೆದುಕೊಂಡಳು. ಗುರುಶಾಂತ ಕಣ್ಣು ಮುಚ್ಚಿ ಹೊಡೆದ.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಕಂಕುಳ ಕೆಳಗೆ ಬಟ್ಟೆ ಸುತ್ತಿ, ವಾಲದಂತೆ ಮೊಳೆಗೆ ಕಟ್ಟಬೇಕು. ಮಣ್ಣಿನೊಳಗೂ ಕೂತೇ ಹೋಗಬೇಕು. ಉಳಿದ ಗೋಡೆಗಳಿಗೆ ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಕಪಾಟು, ಮತ್ತೊಂದು ಕಡೆ ಜೋಳದ ಚೀಲ. ಹೀಗಾಗಿ ಐದು ವರ್ಷ ಯಾವ ಗೋಡೆಯ ಮುಂದೆ ನಿಂತು ಮಕ್ಕಳಿಗೆ ಕಲಿಸಿದ್ದಳೋ, ಗುರುಶಾಂತನ ಹೆಂಡತಿ ದಾಕ್ಷಾಯಣಿ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಳು. ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ವಿಭೂತಿ. ಮೂವತ್ತೆಂಟು ವರ್ಷ ಸಾಯುವ ವಯಸ್ಸೇ? ಆದರೆ ಯಾರನ್ನು ಕೇಳುವುದು!

*

ಮಗ ಗವಿಸಿದ್ದೇಶನಿಗೆ ಮೊದಲ ಸಲ ಫಿಟ್ಸ್ ಬಂದಾಗ ಒಂದನೇ ತರಗತಿ. ಅವನು ಕಲಿಯುತ್ತಿದ್ದ ಶಾಲೆಯವರು, "ಯಾರಾರ ಜತಿಗೆ ಕುಂದರ್ತೀವಿ ಅಂದ್ರ ಕಳಿಸ್ರಿ, ಇಲ್ಲಂದ್ರ ಬ್ಯಾಡ್ರಿ," ಅಂದರು. ದಾಕ್ಷಾಯಣಿ ಒಂದು ತಿಂಗಳು ಶಾಲೆಯ ಕಟ್ಟೆಯ ಮೇಲೆ ಕೂತಳು. ಆಮೇಲೆ ಕೊರೋನಾ ಬಂತು, ಎಲ್ಲ ಶಾಲೆಗಳೂ ಮುಚ್ಚಿದವು. ತೆರೆದಾಗ ಅವಳು ಮಗನನ್ನು ಮಾತ್ರವಲ್ಲ, ದೊಡ್ಡವಳು ಅಮೃತಾಳನ್ನೂ ಕಳಿಸಲಿಲ್ಲ.

"ಅಕಿಗೇನಾಗೈತೆ? ಅಕಿನ್ನಾರ ಕಳಿಸು," ಎಂದು ಗುರುಶಾಂತ ಹೇಳಿದ್ದ.

"ಅವನೊಬ್ಬನ್ನ ಮನ್ಯಾಗ ಇಟ್ಕಂಡ್ರ ಅವ ರೋಗಿ ಆಗ್ತಾನ್ರಿ. ಎಲ್ಲಾರ್ನೂ ಇಟ್ಕಂಡ್ರ ಮನಿ ಸಾಲಿ ಆಗ್ತೈತಿ."

ಗುರುಶಾಂತ ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಕೊಟ್ಟೂರಿನ ಹಿಟ್ಟಿನ ಗಿರಣಿಯಲ್ಲಿ ನಿಂತವನು. ತೂಕ ಬಿಟ್ಟರೆ ಬೇರೆ ಲೆಕ್ಕ ಅವನಿಗೆ ತಿಳಿಯದು. ಕರಿ ಬಣ್ಣದ ಡಬ್ಬಿ ತಂದುಕೊಟ್ಟ.

ಅವಳು ಅಡಿಗೆಮನೆಯಿಂದ ಕಾಣುವ ಗೋಡೆಯನ್ನು ಆರಿಸಿದಳು. ಕೆಳಗಿನ ಪಟ್ಟಿ ಮುಂದೆ ಕಲಿಯಬೇಕಾದ ಚಿಕ್ಕವಳ ಕಣ್ಣಿನ ಎತ್ತರಕ್ಕೆ, ನಡುವಿನದು ಗವಿಗೆ, ಮೇಲಿನದು ಅಮೃತಾಳಿಗೆ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮೂರು ಪ್ರಶ್ನೆ ಬರೆಯುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಒಬ್ಬರಿಗೆ ಮಗ್ಗಿ, ಒಬ್ಬರಿಗೆ ಹೊಳೆ ಬೆಟ್ಟಗಳು, ಒಬ್ಬಳಿಗೆ ಬೀಜಗಣಿತ. ರೊಟ್ಟಿ ಅರ್ಧ, ಕಾಲು ಆಗಿ ಹರಿದು ಭಿನ್ನರಾಶಿ ಆಗುತ್ತಿತ್ತು. ಪಾಠ ಮುಗಿದ ಮೇಲೆ ಭಿನ್ನರಾಶಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದರು. ಎಷ್ಟೋ ಸಲ ಪಲ್ಯ ಸೀದದ್ದೂ ಉಂಟು.

ಆ ಮನೆಯ ಶಾಲೆಗೆ ಒಂದೇ ಕಾಯ್ದೆ. ಉತ್ತರ ಬಂದವರೇ ಒರೆಸಬೇಕು. ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ, ವಾರವಾದರೂ ಸರಿ.

"ಒಂದೊಂದು ನೋಟ್‌ಬುಕ್ಕಾದ್ರೂ ಇಡವ್ವಾ, ಮುಂದ ಬೇಕಾಗ್ತೈತಿ," ಎಂದು ಪಕ್ಕದ ಮನೆಯ ಜಂಬಣ್ಣ ಮೇಷ್ಟ್ರು ಎರಡು ಸಲ ಹೇಳಿದ್ದರು.

"ನೋಟ್‌ಬುಕ್ ಗೆದ್ಲು ತಿಂತಾವ್ರಿ ಸರ. ಗ್ವಾಡಿ ಖಾಲಿ ಆತಂದ್ರ ತೆಲಿ ತುಂಬೈತಿ ಅಂತ ತಿಳಕಾಬೇಕು," ಎಂದು ದಾಕ್ಷಾಯಣಿ ನಕ್ಕಿದ್ದಳು.

*

ಸಾವಿನ ಮನೆಯಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಹೆಣಕ್ಕೆ ಹೂವು ಹಾಕಿ ಈಚೆ ಬಂದವರೆಲ್ಲ ಮಕ್ಕಳ ಕಡೆ ನೋಡಿ ಲೊಚಗುಟ್ಟಿದರು. ಹರಪನಹಳ್ಳಿಯಿಂದ ಬಂದಿದ್ದ ದಾಕ್ಷಾಯಣಿಯ ಅಣ್ಣ ಅರುಣಕುಮಾರ್ ಅತ್ತು ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದ. ಆ ದುಃಖಕ್ಕೆ ಯಾರ ಮೇಲಾದರೂ ಹರಿಹಾಯಬೇಕಿತ್ತು.

"ಈಗ ಇವ್ರು ಎಷ್ಟನೇ ಕ್ಲಾಸು, ಗುರುಶಾಂತಪ್ಪಾ?"

ಗುರುಶಾಂತ ಹೆಂಡತಿಯ ಕಡೆ ನೋಡಿದ. ಯಾರಾದರೂ ಮಕ್ಕಳ ಓದಿನ ಬಗ್ಗೆ ಕೇಳಿದರೆ ಅವಳ ಕಡೆ ನೋಡುವುದು ಅವನಿಗೆ ರೂಢಿ. ಅವಳು ಗೋಡೆಗೆ ಒರಗಿ ಕೂತೇ ಇದ್ದಳು.

"ಅಕಿಗೇ ಗೊತ್ತಿತ್ತು," ಎಂದ.

"ಎಂಥ ಮಾತು ಹೇಳ್ತಿ! ಮೇಷ್ಟ್ರೇ, ನೀವಾದ್ರೂ ಹೇಳ್ರಿ."

ಜಂಬಣ್ಣ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮನೆಯೇ ಮೊದಲ ಪಾಠಶಾಲೆ ಅಂತ ನಮ್ಮ ಸಾಲಿ ಗ್ವಾಡಿ ಮ್ಯಾಲೆ ಬರಸೀವಿ. ಆದ್ರ ಮನಿ ಟೀಸಿ ಕೊಡಂಗಿಲ್ಲಲ್ಲ. ಸಣ್ಣವ್ರಿಬ್ರನ್ನ ವಯಸ್ಸು ನೋಡಿ ಸೇರಿಸ್ಕಾಬಹುದು. ಎಲ್ಲಿಗೆ ಬಂದಾರ ಅಂತ ತಿಳೀಲಿಕ್ಕೆ ಏನಾರ ಬರದಿದ್ದು ಐತೇನು?"

ಏನೂ ಇರಲಿಲ್ಲ. ಎಲ್ಲರೂ ಗೋಡೆ ನೋಡಿದರು. ಮೇಲೆ ಒಂದು ಸಮೀಕರಣ. ನಡುವೆ, ದಾಕ್ಷಾಯಣಿಯ ತಲೆಯ ಪಕ್ಕದಲ್ಲಿ, 'ಹಗರಿ ಹೊಳೆಗೆ ಇನ್ನೊಂದು ಹೆಸರೇನು?' ಕೆಳಗಿನದು ಅವಳ ಬೆನ್ನ ಹಿಂದೆ ಮುಚ್ಚಿಹೋಗಿತ್ತು.

"ಐದು ವರ್ಷ ಕಲಿಸಿದ್ದು ಇಷ್ಟೇನಾ?" ಎಂದ ಅರುಣಕುಮಾರ್.

"ಇದು ಬರಲಾರದ್ದು ಮಾವ," ಎಂದಳು ಹದಿನೈದರ ಅಮೃತಾ. "ಬಂದಿದ್ದೆಲ್ಲಾ ಒರಸೀವಿ."

ಅದು ಯಾರಿಗೂ ಅರ್ಥವಾಗಲಿಲ್ಲ. ಮೇಷ್ಟ್ರು ಗವಿಯನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ಹೇಳಪ್ಪಾ, ಹಗರಿಗೆ ಇನ್ನೊಂದು ಹೆಸರೇನು?"

ಹನ್ನೊಂದು ವರ್ಷದ ಹುಡುಗನ ತುಟಿಗಳು ಅಲುಗಿದವು. ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವನಿಗೆ ನೆನಪಿರುವುದು ಶಾಲೆಯ ನೆಲದ ಮೇಲೆ ಬಿದ್ದು ಎದ್ದಾಗ. ಅವನು ಕೈ ಹಿಸುಕಿಕೊಳ್ಳುತ್ತ ನಿಂತ.

"ಬಿಡ್ರಿ, ಆತು," ಎಂದ ಅರುಣಕುಮಾರ್. "ಮೂರು ದಿನದ್ದು ಮುಗೀಲಿ. ಸುಕನ್ಯಾನ್ನ ನಾ ಕರಕಂಡು ಹೋಗ್ತೀನಿ, ನಮ್ಮ ಹುಡುಗ್ರ ಜತಿಗೆ ಸಾಲಿಗೆ ಹೋಗ್ತಾಳ. ಗವಿನ್ನ ಯಾವುದಾರ ಮಠದ ಹಾಸ್ಟೆಲಿಗೆ ಕೇಳಾಣ. ಅಮೃತಾ ಮನಿ ನೋಡ್ಕಂತಾಳ, ನಿಮ್ಮವ್ವಗೂ ವಯಸ್ಸಾತು. ಏನಂತಿ?"

ರಾತ್ರಿ ಫಿಟ್ಸ್ ಬಂದರೆ ಗವಿಯನ್ನು ಯಾರು ಹೊರಳಿಸಿ ಮಲಗಿಸುತ್ತಾರೆ, ಗುಳಿಗೆ ಯಾರು ಕೊಡುತ್ತಾರೆ ಎಂದು ಕೇಳಬೇಕೆಂದು ಗುರುಶಾಂತನಿಗೆ ಅನ್ನಿಸಿತು. ಆದರೆ ಗುಳಿಗೆಯ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ತಾನು ಕೊಡುತ್ತೇನೆ ಎಂದು ಯಾವ ಬಾಯಿಂದ ಹೇಳುವುದು?

"ಹೂಂ," ಎಂದ.

ಅಮೃತಾ ಅಪ್ಪನ ಮುಖವನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ.

*

ಮೊನ್ನೆ ಬೆಳಿಗ್ಗೆ ಕೆಳಗಿನ ಪಟ್ಟಿಯಲ್ಲಿ ದಾಕ್ಷಾಯಣಿ ಬರೆದದ್ದು ಇದು: 'ನಮ್ಮ ಮನೆಯಲ್ಲಿ ಆರು ಜನ. ತಲೆಗೆ ಎರಡು ರೊಟ್ಟಿ. ಒಟ್ಟು ಎಷ್ಟು?'

ಸುಕನ್ಯಾ ಬೆರಳು ಮಡಿಸಿ ಎಣಿಸಲು ಶುರು ಮಾಡಿದಳು. ಕೈಬೆರಳು ಮುಗಿದವು.

"ಬೆರಳು ಸಾಲವಲ್ಲವು ಅವ್ವಾ."

"ಕಾಲಿಗೇನು ಬರ ಬಂದೈತೇನು? ಅದಾವಲ್ಲ ಹತ್ತು," ಎಂದು ದಾಕ್ಷಾಯಣಿ ನಕ್ಕಳು. ನಗುತ್ತಲೇ ಹಣೆ ಹಿಡಿದುಕೊಂಡು, "ಯಾಕೋ ತೆಲಿ ಸಿಡೀತೈತಿ, ಅಮೃತಾ, ಹಂಚು ಇಳಿಸವ್ವಾ," ಎಂದು ಅಲ್ಲೇ ಕುಸಿದಳು. ಮೆದುಳಿನಲ್ಲಿ ನರ ಒಡೆದಿದೆ ಎಂದರು ಬಳ್ಳಾರಿಯ ಡಾಕ್ಟರು. ನಿನ್ನೆ ಸಂಜೆ ಎಲ್ಲ ಮುಗಿಯಿತು.

*

ಮಧ್ಯಾಹ್ನ ಹೆಣ ಹೊರುವ ವಿಮಾನ ಬಂತು. ಬಾಳೆದಿಂಡು ಕಟ್ಟಿ, ಚೆಂಡುಹೂವು ಸುತ್ತಿದ ಕುರ್ಚಿ. ಮೊಳೆಯ ಗಂಟು ಬಿಚ್ಚಿ ನಾಲ್ಕು ಜನ ದಾಕ್ಷಾಯಣಿಯನ್ನು ಎತ್ತಿದರು. ಅವಳ ಹಸಿರು ಸೀರೆಯ ಬೆನ್ನ ತುಂಬ ಸೀಮೆಸುಣ್ಣ ಮೆತ್ತಿತ್ತು. ಗೋಡೆಯ ಕೆಳಗಿನ ಪಟ್ಟಿಯಲ್ಲಿ ಬಿಳಿ ಮಸುಕು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಅಕ್ಕಾ, ಅವ್ವ ನಂದು ಒರಸಿಬಿಟ್ಟಾಳ," ಎಂದಳು ಸುಕನ್ಯಾ. "ನಾ ಇನ್ನೂ ಹೇಳಿದ್ದಿಲ್ಲ."

ಅಮೃತಾ ಬಾಯಿಗೆ ಓಢಣಿ ಒತ್ತಿಕೊಂಡಳು.

ವಿಮಾನ ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಅಪ್ಪನ ಕೈ ಹಿಡಿದಿದ್ದ ಗವಿ ಬಿಡಿಸಿಕೊಂಡು ಮುಂದೆ ಓಡಿದ.

"ವೇದಾವತಿ! ಅವ್ವಾ, ವೇದಾವತಿ!"

ಡೊಳ್ಳಿನ ಸದ್ದಿನಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. "ಹುಡುಗನ್ನ ಹಿಡೀರಿ, ಮತ್ತ ಬಂತೇನೋ ಅದು," ಎಂದು ಅರುಣಕುಮಾರ್ ಗಾಬರಿಯಿಂದ ಕೂಗಿದ. ಒಬ್ಬರು ಅವನ ಕೈಗೆ ಕಬ್ಬಿಣದ ಬೀಗದಕೈ ತುರುಕಿದರು. ಏನೂ ಆಗದ ಹುಡುಗ ಬೀಗದಕೈ ಹಿಡಿದುಕೊಂಡು ರುದ್ರಭೂಮಿಯ ತನಕ ನಡೆದ. ಸರಿ ಉತ್ತರ ಅದು. ಸರಿ ಎನ್ನಬೇಕಾದವಳು ಬೆನ್ನು ಹಾಕಿ ಹೋಗುತ್ತಿದ್ದಳು.

ಮನೆಯಲ್ಲಿ ನಾಗಲಿಂಗಮ್ಮ ಸೆರಗು ಸಿಕ್ಕಿಸಿ ಕೊಡ ಎತ್ತಿದಳು. ಹೆಣ ಹೋದ ಮೇಲೆ ನೆಲ, ಗೋಡೆ ತೊಳೆಯಬೇಕು. ಅವಳ ಅತ್ತೆಯ ಕಾಲದಿಂದ ನಡೆದದ್ದು. ಮೊದಲ ಕೊಡಕ್ಕೆ ಹಗರಿ ಹೊಳೆ ಇಳಿದು ನೆಲಕ್ಕೆ ಬಂತು. ಎರಡನೇ ಕೊಡ ಎತ್ತಿದಾಗ ಅಮೃತಾ ಮೇಲಿನ ಪಟ್ಟಿಗೆ ಎರಡೂ ಅಂಗೈ ಅಡ್ಡ ಹಿಡಿದು ನಿಂತಳು.

"ಆಚಿಗೆ ಸರಿ ತಾಯಿ. ಯಾಕ ಹಿಂಗ ಮಾಡ್ತಿ?"

"ಇದು ನಂಗ ಇನ್ನೂ ಬಂದಿಲ್ಲಜ್ಜಿ."

ಸುಳ್ಳು. ಸಮೀಕರಣ ಅವಳಿಗೆ ಮೊನ್ನೆಯೇ ಬಿಡಿಸಲು ಬಂದಿತ್ತು. ಹೇಳಿದರೆ ಒರೆಸಬೇಕಾಗುತ್ತಿತ್ತು, ಒರೆಸಿದರೆ ಮತ್ತೆ ಬರೆಯುವವರು ಇರಲಿಲ್ಲ. ನಾಗಲಿಂಗಮ್ಮನಿಗೆ ಇದೆಲ್ಲ ಏನು ತಿಳಿದೀತು? ಆದರೂ ಮುದುಕಿ ಕೊಡ ಕೆಳಗಿಟ್ಟು, ಗೋಡೆಗೆ ಹಣೆ ಹಚ್ಚಿ ಜೋರಾಗಿ ಅತ್ತಳು.

*

ಮಣ್ಣು ಕೊಟ್ಟು ಬಂದವರು ಸ್ನಾನ ಮಾಡಿ ಕೂತಾಗ ಓಣಿಯ ಕೊಟ್ರಬಸಮ್ಮ ಬುತ್ತಿ ತಂದಿಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ನಂಟರು ಮೇಷ್ಟ್ರ ಮನೆಗೆ ಊಟಕ್ಕೆ ಹೋದರು. ಒಳಗೆ ಉಳಿದದ್ದು ಮನೆಯವರಷ್ಟೇ.

"ನಾ ಬಡಸ್ತೀನಿ," ಎಂದು ಸುಕನ್ಯಾ ಬುತ್ತಿ ಬಿಚ್ಚಿದಳು. ಬುಟ್ಟಿಯಲ್ಲಿ ಬೇಕಾದಷ್ಟು ರೊಟ್ಟಿ ಇದ್ದವು. ಅವಳು ಬೆರಳು ಮಡಿಸಿ, ಬೆರಳು ಮುಗಿದ ಮೇಲೆ ಕಾಲಿನ ಎರಡು ಬೆರಳು ಮುಟ್ಟಿ, ಹನ್ನೆರಡನ್ನು ಎಣಿಸಿ ತೆಗೆದಳು. ಅಜ್ಜಿಗೆ ಎರಡು. ಅಕ್ಕನಿಗೆ ಎರಡು. ಗವಿಗೆ ಎರಡು. ಅಪ್ಪನಿಗೆ ಎರಡು. ತನ್ನ ತಟ್ಟೆಗೆ ಎರಡು.

ಅವಳ ಕೈಯಲ್ಲಿ ಎರಡು ಉಳಿದವು.

"ಅಪ್ಪಾ, ಹನ್ನೆರಡಲ್ಲೇನು?"

ದಿನವಿಡೀ ಮಂದಿಯ ಕಾಳು ತೂಗುವ ಗುರುಶಾಂತ ರೊಟ್ಟಿಗಳನ್ನು ನೋಡಿದ. ಇವತ್ತಿಗೆ ಹತ್ತು. ಮೂರು ದಿನ ಕಳೆದು ಸಣ್ಣವರಿಬ್ಬರು ಹೋದರೆ ಆರು. ಆ ಆರಕ್ಕೆ ಬೆಳಿಗ್ಗೆ ಹೂಂ ಅಂದವನು ತಾನೇ.

ಗವಿ ತನ್ನ ತಟ್ಟೆ ಸರಿಸಿದ. ಅಮೃತಾ ಎದ್ದು ಬಂದು ತಂಗಿಯ ಪಕ್ಕ ಕೂತಳು. ಸುಕನ್ಯಾ ಒಬ್ಬೊಬ್ಬರ ಮುಖವನ್ನೂ ನೋಡಿ, ಎರಡು ರೊಟ್ಟಿ ಹಿಡಿದುಕೊಂಡು, ಇನ್ನೂ ಒದ್ದೆಯಾಗಿದ್ದ ಗೋಡೆಯ ಮುಂದೆ, ಮೊಳೆಯ ಕೆಳಗೆ, ಉತ್ತರ ಹೇಳಲು ದಿನಾ ನಿಲ್ಲುವ ಜಾಗದಲ್ಲಿ ಹೋಗಿ ನಿಂತಳು.