ಓರೆ ಪಟ್ಟಿಯ ರೈಲು ಕಾರು

ನನ್ನ ಕೆಲಸದಲ್ಲಿ ಯಾರೂ ಬೆರಳಿಟ್ಟು ತೋರಿಸುವ ಹಾಗಿರಬಾರದು ಅನ್ನುವುದು ನನ್ನ ಹಟ. ರೈಲು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಬೋಗಿಗಳಿಗೆ ಬಣ್ಣ ಹೊಡೆಯುತ್ತಿರುವವಳು ನಾನು. ಎರಡು ಬಣ್ಣ ಸೇರುವಲ್ಲಿ ಉಗುರಿಗೆ ಸಿಗುವಷ್ಟು ಏಣು ಉಳಿದರೂ ಉಜ್ಜಿ ತೆಗೆಸುತ್ತೇನೆ. ಜೊತೆಯವರು ಬೆನ್ನ ಹಿಂದೆ ನನ್ನನ್ನು ಉಪ್ಪುಕಾಗದ ಅನ್ನುತ್ತಾರೆ. ಅನ್ನಲಿ ಬಿಡಿ.

ನನ್ನ ಅಣ್ಣ ರೈಲು ಕಾರಿನ ಚಾಲಕನಾಗಿದ್ದ. ಎಂಜಿನ್ನೂ ಬೋಗಿಯೂ ಒಂದೇ ಆದ ಪುಟ್ಟ ಗಾಡಿ ಅದು. ಹತ್ತೊಂಬತ್ತು ವರ್ಷ ಅದೊಂದನ್ನೇ ಓಡಿಸಿದ. ಆಮೇಲೆ ಕಣ್ಣಿನ ನರ ಸೊರಗಿ, ಎರಡು ವರ್ಷದೊಳಗೆ ದೃಷ್ಟಿ ಪೂರ್ತಿ ಹೋಯಿತು. ಕಣ್ಣಿದ್ದ ಕಾಲದಲ್ಲಿ ಆ ಗಾಡಿಯ ಮೊಳದುದ್ದದ ಮಾದರಿಯನ್ನು ತಗಡಿನಲ್ಲಿ ಮಾಡಿ, ಕುಂಚದಿಂದ ಕೆಂಪು ಮತ್ತು ಕೆನೆ ಬಣ್ಣ ಬಳಿದಿದ್ದ. ಬಣ್ಣವೋ, ಗೋಡೆಗೆ ಬಳಿದ ಹಾಗೆ ದಪ್ಪ ದಪ್ಪ. ಅದನ್ನು ಕಂಡಾಗಲೆಲ್ಲ ನಾನು ಹುಬ್ಬು ಗಂಟಿಕ್ಕುತ್ತಿದ್ದೆ.

ಈ ವರ್ಷ ಆ ನಿಜವಾದ ಗಾಡಿ ಹೊಸ ಬಣ್ಣಕ್ಕೆಂದು ನಮ್ಮಲ್ಲಿಗೇ ಬಂತು. ಮೇಲೆ ಬೂದು, ಕೆಳಗೆ ಬಿಳಿ, ಬಾಗಿಲಿನಿಂದ ಚಾಲಕನ ಕಿಟಕಿಯವರೆಗೆ ಓರೆಯಾಗಿ ಏರುವ ಹಳದಿ ಪಟ್ಟಿ. ಅಣ್ಣನಿಗೆ ಹೇಳಿದೆ.

"ನನ್ನ ಗಾಡಿ ಈಗ ಹೇಗಿದೆ ಅಂತ ನಂಗೇ ಗೊತ್ತಿಲ್ಲ ಅಂದ್ರೆ ಹೇಗೆ?" ಅಂದ. "ಮನೇಲಿರೋದಕ್ಕೂ ಹಾಗೇ ಹೊಡ್ಕೊಡು. ಗೊತ್ತು ಮಾಡ್ಕೋತೀನಿ."

ಆ ತಗಡಿನ ಗಾಡಿಯನ್ನು ದ್ರಾವಣದಲ್ಲಿ ನೆನೆಹಾಕಿ, ಹಳೆಯ ಬಣ್ಣವನ್ನು ಬುಡಸಮೇತ ಕಿತ್ತೆ. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಬೂದು, ಬಣ್ಣ ಬೆರೆಯದಂತೆ ನಡುನಡುವೆ ಅಂಟುಪಟ್ಟಿ. ಹನ್ನೊಂದು ದಿನ ಹಿಡಿಯಿತು. ಏಣುಗಳನ್ನೆಲ್ಲ ನೀರು ಹಾಕಿ ಉಜ್ಜಿ, ಮೇಲೆ ಮೆರುಗೆಣ್ಣೆ ಕೊಟ್ಟೆ. ಅತ್ತಿಗೆ ನೋಡಿ, "ಅಂಗಡಿಯಿಂದ ತಂದ ಹಾಗಿದೆ" ಅಂದರು. ನಾನು ಉಬ್ಬಿಹೋದೆ.

ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡ. ಬೆರಳು ಬಾಗಿಲಿನಿಂದ ಮೂತಿಯವರೆಗೆ ಹೋಯಿತು, ಬಂತು, ಮತ್ತೆ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ.

"ತುಂಬಾ ನುಣುಪಾಗಿದೆ," ಅಂದ. ಅವನು ಯಾರ ಮನಸ್ಸನ್ನೂ ನೋಯಿಸುವವನಲ್ಲ. "ಪಟ್ಟಿ ಎಲ್ಲಿ ಬರುತ್ತೆ?"

ನಾನು ಅವನ ಬೆರಳು ಹಿಡಿದು ಎಳೆದೆ. "ಇಲ್ಲಿಂದ ಇಲ್ಲಿಗೆ." ಕೈ ಬಿಟ್ಟೊಡನೆ ಬೆರಳು ದಾರಿ ತಪ್ಪಿತು.

"ಮೊದಲಿಂದು ಗೊತ್ತಾಗ್ತಿತ್ತು ಕಣೆ," ಅಂದ. "ಕೆಂಪು ಎಲ್ಲಿ ಮುಗಿಯುತ್ತೆ, ಕೆನೆ ಬಣ್ಣ ಎಲ್ಲಿ ಶುರುವಾಗುತ್ತೆ, ಎಲ್ಲಾ ಬೆರಳಿಗೆ ಸಿಗ್ತಿತ್ತು. ದಿನಾ ಒಂದ್ಸಲ ನೋಡ್ಕೋತಿದ್ದೆ."

ಅವನಿಗೆ ಕಾಣುತ್ತಿದ್ದ ಒಂದೇ ಒಂದು ಗಾಡಿಯ ಬಣ್ಣವನ್ನು ನಾನು ಕರಗಿಸಿ ಚೆಲ್ಲಿಬಿಟ್ಟಿದ್ದೆ. ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ. ಕೇಳಬೇಕಾಗಿದ್ದವಳು ನಾನು. ಇಷ್ಟು ವರ್ಷ ಮೆರೆಸಿಕೊಂಡು ಬಂದ ಕೈಯ ಮೇಲೆ ನನಗೆ ಅವತ್ತು ಸಿಟ್ಟು ಬಂತು.

ಗಾಡಿಯನ್ನು ವಾಪಸು ಒಯ್ದೆ. ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಹಳದಿಯನ್ನು ತೆಳುಮಾಡದೆ, ಕುಂಚದ ತುಂಬ ತೆಗೆದು ಪಟ್ಟಿಯ ಮೇಲೆ ಎಳೆದೆ. ಒಣಗಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ಕೈ ಒಲ್ಲೆ ಒಲ್ಲೆ ಅನ್ನುತ್ತಿತ್ತು. ನಮ್ಮ ವಿಭಾಗದಲ್ಲಿ ಯಾರಾದರೂ ಹೀಗೆ ಬಳಿದಿದ್ದರೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದೆ.

ನಾಲ್ಕನೆಯ ದಿನ ತಂದುಕೊಟ್ಟೆ. ಬೆರಳು ಬಾಗಿಲ ಬಳಿ ತಡೆದು ನಿಂತಿತು. ಅಂಚು ಹಿಡಿದು ಕಿಟಕಿಯವರೆಗೆ ಏರಿತು. ಕೆಳಗಿಳಿದು, ಇನ್ನೊಂದು ಅಂಚಿನಲ್ಲಿ ಮತ್ತೆ ಏರಿತು.

"ಇದೇನೇ ಇದು, ಜಾರಿ ಬಿದ್ದ ಹಾಗಿದೆ?"

"ಮೇಲಿನವರ ಡಿಸೈನು. ಇನ್ಮೇಲೆ ಎಲ್ಲಾ ಗಾಡಿಗೂ ಹೀಗೇನೆ."

ಅಣ್ಣ ಇನ್ನೊಮ್ಮೆ ಬೆರಳಾಡಿಸಿ ಮುಖ ಸಿಂಡರಿಸಿದ.

"ನನ್ನ ಗಾಡಿಗೆ ಒಪ್ಪಲ್ಲ ಕಣೆ ಇದು. ಚೂರೂ ಒಪ್ಪಲ್ಲ."

"ಹೌದು, ಒಪ್ಪಲ್ಲ," ಅಂದೆ. ನನ್ನ ದನಿ ನಡುಗಿದ್ದು ಅವನಿಗೆ ತಿಳಿದಿರಬೇಕು. ಆ ಪಟ್ಟಿಯನ್ನು ಬೈಯುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ.