ಅತ್ತೆಯ ಹೂಂ

ಆ ಹೋಟೆಲಿನಲ್ಲಿ ಒರಳಿನ ಸದ್ದು ಶುರುವಾಯಿತೆಂದರೆ ಬೀದಿಯವರು ಗಡಿಯಾರ ನೋಡಬೇಕಾಗಿರಲಿಲ್ಲ, ಹತ್ತು ಗಂಟೆಯೇ. ಒಂಬತ್ತು ಮೇಜಿನ ಪುಟ್ಟ ಹೋಟೆಲು. ಥಾಯ್ ಅಡುಗೆ ಎಂಬ ಬೋರ್ಡು ನೋಡಿ ಬಂದವರಿಗೆ ಎಲ್ಲ ಕಡೆ ಸಿಗುವ ತೆಂಗಿನಹಾಲಿನ ಸಾರು ಇಲ್ಲಿ ಸಿಗುತ್ತಿರಲಿಲ್ಲ. ಇಲ್ಲಿ ಬೇಯುತ್ತಿದ್ದದ್ದು ಆ ದೇಶದ ಉತ್ತರದ ಬೆಟ್ಟಗಳ ಅಡುಗೆ, ಅಂದರೆ ಅತ್ತೆಯ ತವರಿನ ಅಡುಗೆ. ಬೇಕಾದರೆ ತಿನ್ನಿ, ಬೇಡವಾದರೆ ಬಾಗಿಲು ತೆರೆದೇ ಇದೆ ಎನ್ನುವ ಪೈಕಿ ಆ ಅತ್ತೆ.

ಸೊಸೆ ಒರಳಿನ ಮುಂದೆ ಕೂತು ಒಂಬತ್ತು ವರ್ಷವಾಗಿತ್ತು. ಒಣಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಚಿಕ್ಕ ಈರುಳ್ಳಿ, ಕೊನೆಗೆ ಬೆಂಕಿಯಲ್ಲಿ ಸುಟ್ಟ ಸೋಯಾ ಬಿಲ್ಲೆ. ಕಾಳನ್ನು ಹುದುಗಿಸಿ, ತಟ್ಟಿ, ಒಣಗಿಸಿದ ಆ ಬಿಲ್ಲೆಗೆ ಒದ್ದೆ ಕಾಲುಚೀಲದ ವಾಸನೆ ಎಂದು ಗಂಡ ಮೂಗು ಮುರಿಯುತ್ತಿದ್ದ. ಅದು ಬೀಳದೆ ಸಾರು ಸಾರೇ ಅಲ್ಲವೆಂದು ಅವನಿಗೂ ಗೊತ್ತಿತ್ತು.

ಕುಟ್ಟುವಷ್ಟು ಹೊತ್ತೂ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಒಲೆಯ ಆವಿ, ಗಾಜಿನಿಂದ ಇಳಿಯುವ ಬಿಸಿಲು, ಟೊಕ್ ಟೊಕ್ ಸದ್ದು. ಅಡುಗೆಮನೆಯೇ ನೆಲ ಬಿಟ್ಟು ಒಂದು ಗೇಣು ಮೇಲೆ ತೇಲುತ್ತಿದೆ ಎನಿಸುತ್ತಿತ್ತು ಸೊಸೆಗೆ. ಸದ್ದು ಮೆತ್ತಗಾದಾಗ ಅತ್ತೆ ಎದ್ದು ಬಂದು, ಕಡಲೆಕಾಳಿನಷ್ಟು ಮಸಾಲೆ ನಾಲಿಗೆಗೆ ಇಟ್ಟುಕೊಂಡು "ಹೂಂ" ಅನ್ನಬೇಕು. "ಊಹೂಂ" ಅಂದರೆ ಮತ್ತೆ ಕುಟ್ಟು. ಕುಟ್ಟಿದವಳು ಮಾತ್ರ ರುಚಿ ನೋಡುವ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಿದ್ದಳು ಅತ್ತೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸೊಸೆ ದಿನ ದೂಡುತ್ತಿದ್ದಳು. ಗಂಡನೂ ಹೇಳಿದ್ದ: "ಅಮ್ಮನ ನಾಲಿಗೆ ನೆಟ್ಟಗಿರೋವರೆಗೆ ಅಡುಗೆಮನೆ ಅಮ್ಮಂದು. ಆಮೇಲೆ ನಿಂದು. ಅಮ್ಮ ಮೇಲಿನ ರೂಮಲ್ಲಿ ಆರಾಮಾಗಿರ್ಲಿ." ಆ ರೂಮಿಗೆ ಒರಳಿನ ಸದ್ದು ಕೇಳಿಸುತ್ತಿರಲಿಲ್ಲ.

ಅವತ್ತು ಸೊಸೆ ಕುಟ್ಟುತ್ತ ಕುಟ್ಟುತ್ತ ಸದ್ದಿನಲ್ಲೇ ತೇಲಿಹೋದಳು. ಅತ್ತೆ ಬಂದಳು, ನಾಲಿಗೆಗೆ ಇಟ್ಟುಕೊಂಡಳು, "ಹೂಂ" ಅಂದಳು, ಕುರ್ಚಿಗೆ ಮರಳಿದಳು. ಮಸಾಲೆಯನ್ನು ಪಾತ್ರೆಗೆ ಸುರಿದ ಮೇಲೆ ಸಾಮಾನಿನ ತಟ್ಟೆ ಸೊಸೆಯ ಕಣ್ಣಿಗೆ ಬಿತ್ತು. ಸೋಯಾ ಬಿಲ್ಲೆ ಅಲ್ಲೇ ಉಳಿದಿತ್ತು.

ಸೊಸೆ ಕಣ್ಣು ಕಣ್ಣು ಬಿಟ್ಟಳು. ಮೆಣಸಿನಕಾಯಿ ಸದ್ದು ಮಾಡುತ್ತದೆ, ಉಪ್ಪು ಸದ್ದು ಮಾಡುತ್ತದೆ. ಸುಟ್ಟ ಬಿಲ್ಲೆ ಮಾತ್ರ ಸದ್ದಿಲ್ಲದೆ ಪುಡಿಯಾಗುತ್ತದೆ. ನಾಲಿಗೆ ಕೈಕೊಟ್ಟು ಎಷ್ಟು ದಿನವಾಯಿತೋ, ಈ ಮುದುಕಿ ಬರೀ ಕಿವಿಯಲ್ಲೇ ರುಚಿ ನೋಡುತ್ತಿದ್ದಾಳೆ!

ಅಷ್ಟರಲ್ಲಿ ಗಂಡ ಒಳಗೆ ಬಂದು, ಸೌಟಿನಿಂದ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಏನೋ ಇಲ್ಲ ಇದ್ರಲ್ಲಿ. ಅಮ್ಮ ರುಚಿ ನೋಡಿದ್ರಾ?"

ನಿಜ ಹೇಳಿದರೆ ಸಾಕಿತ್ತು. ಒಂಬತ್ತು ವರ್ಷ ಕಾದ ತುತ್ತು ಬಾಯಿಯ ಹತ್ತಿರ ಬಂದಿತ್ತು. ಸೊಸೆಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅವಳು ಕುರ್ಚಿಯ ಕಡೆ ನೋಡಿದಳು. ಅತ್ತೆಯ ಕಣ್ಣು ಮುಚ್ಚಿಯೇ ಇತ್ತು, ಬೆರಳುಗಳು ಮಾತ್ರ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು.

"ನೋಡಿದ್ರು. ಊಹೂಂ ಅಂದ್ರು. ನಾನೇ ಆತುರಕ್ಕೆ ಬಿದ್ದು ಸುರಿದ್ಬಿಟ್ಟೆ," ಅಂದಳು ಸೊಸೆ.

"ಒಂಬತ್ತು ವರ್ಷ ಆದ್ರೂ ನಿನ್ನ ಆತುರ ಹೋಗ್ಲಿಲ್ವಲ್ಲ! ಅಮ್ಮನ ಕೈಕೆಳಗೆ ಇನ್ನೂ ಹತ್ತು ವರ್ಷ ಕಲಿ," ಎಂದು ಗಂಡ ಗೊಣಗಿಕೊಂಡು ಹೊರಟ.

ಸೊಸೆ ಬಿಲ್ಲೆಯನ್ನು ಪುಡಿಮಾಡಿ ಸಾರಿಗೆ ಹಾಕಿದಳು. ಹೊಟ್ಟೆ ಉರಿಯುತ್ತಿತ್ತು.

ಮರುದಿನ ಮತ್ತೆ ಅದೇ ಬಿಸಿಲು, ಅದೇ ಆವಿ. ಟೊಕ್ ಟೊಕ್ ಸದ್ದು ಮೆತ್ತಗಾಯಿತು. ಅತ್ತೆ ನಿಧಾನವಾಗಿ, ನೀರಿನಲ್ಲಿ ನಡೆಯುವವಳಂತೆ ಬಂದು, ಬೆರಳ ತುದಿಯಲ್ಲಿ ಮಸಾಲೆ ತೆಗೆದಳು. ತನ್ನ ಬಾಯಿಗೆ ಇಟ್ಟುಕೊಳ್ಳಲಿಲ್ಲ. ಮಗುವಿಗೆ ತಿನ್ನಿಸುವ ಹಾಗೆ ಸೊಸೆಯ ತುಟಿಯ ಮುಂದೆ ಹಿಡಿದಳು.

"ಬಾಯಿ ತೆಗಿ."

ಖಾರ, ಉಪ್ಪು, ಹೊಗೆ. ಎಲ್ಲ ಇಳಿದ ಮೇಲೆ ಮೆಲ್ಲಗೆ ಆ ಒದ್ದೆ ಕಾಲುಚೀಲ. ಸೊಸೆಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಹೂಂ," ಅಂದಳು ಮೆಲ್ಲಗೆ.

ಅತ್ತೆ ಹೊರಗಿನ ಮೇಜುಗಳ ಕಡೆ ತಿರುಗಿ, ಮಗನಿಗೆ ಕೇಳುವಷ್ಟು ಜೋರಾಗಿ, "ಹೂಂ!" ಅಂದಳು.